ಗೊರಕೆಗೆ ಅಂಟುಪಟ್ಟಿ: ತಡೆ ಎಲ್ಲಿದೆ ಎಂದು ಮೊದಲು ಕೇಳಬೇಕು

ಮೂಗಿನ ಮೇಲೆ ಅಂಟಿಸಿಕೊಳ್ಳುವ ಪಟ್ಟಿಯಿಂದ ಗೊರಕೆ ನಿಲ್ಲುತ್ತದೆಯೇ? ಉತ್ತರ ಹೇಳುವ ಮೊದಲು ಉಸಿರು ಎಲ್ಲಿ ತಡೆಯುತ್ತಿದೆ ಎಂದು ಕೇಳಬೇಕು. ಹೊಳ್ಳೆಯಿಂದ ತುಸು ಒಳಗೆ, ನಡುಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವೆ ಹತ್ತು ಹದಿನೈದು ಡಿಗ್ರಿಗಳ ಇಕ್ಕಟ್ಟಾದ ಕೋನವೊಂದಿದೆ. 1903ರಲ್ಲಿ ಮಿಂಕ್ ಎಂಬ ವೈದ್ಯರು ಇದನ್ನು ಮೂಗಿನ ಕವಾಟವೆಂದು ವಿವರಿಸಿದರು. ಮೂಗು ಉಸಿರಿಗೆ ಒಡ್ಡುವ ತಡೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಇಲ್ಲಿಯದೇ. ದುಂಡು ಕೊಳವೆಯಲ್ಲಿ ಗಾಳಿ ನಯವಾಗಿ ಹರಿಯುವಾಗ, ತ್ರಿಜ್ಯ ಶೇ. 10ರಷ್ಟು ಹಿಗ್ಗಿದರೆ ತಡೆ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಮೂಗು ದುಂಡು ಕೊಳವೆಯಲ್ಲ, ಲೆಕ್ಕ ಹಾಗೇ ಹೊಂದುವುದಿಲ್ಲ. ಆದರೂ ಕೂದಲೆಳೆಯಷ್ಟು ಅಗಲ ಹೆಚ್ಚಿದರೂ ಉಸಿರು ಏಕೆ ಹಗುರಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆಳೆದು ಉಸಿರು ಸರಾಗವಾಗುತ್ತದೆಯೇ ಎಂದು ನೋಡುವ ಕಾಟಲ್ ಪರೀಕ್ಷೆಯನ್ನು ಕಿವಿ-ಮೂಗು-ಗಂಟಲು ವೈದ್ಯರು ಬಹುಕಾಲದಿಂದ ಬಳಸುತ್ತಿದ್ದಾರೆ. ಬೆರಳು ಮಾಡುವ ಆ ಕೆಲಸವನ್ನು ಪಟ್ಟಿ ರಾತ್ರಿಯಿಡೀ ಮಾಡುತ್ತದೆ.

ಮೂಗು ಹಿಗ್ಗಿಸುವ ವಿನ್ಯಾಸ ಮೊದಲು ಒಳಗಿನಿಂದಲೇ ಆರಂಭವಾಯಿತು. 1980ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಬೆಂಗ್ಟ್ ಪೆಟ್ರುಸನ್ ಹೊಳ್ಳೆಗಳೊಳಗೆ ಇಟ್ಟುಕೊಳ್ಳುವ ನೊಜೊವೆಂಟ್ ಎಂಬ ಸಾಧನ ರೂಪಿಸಿದರು. ಅಮೆರಿಕದ ಬ್ರೂಸ್ ಜಾನ್ಸನ್ ಹೊರಗಿನಿಂದ ಎತ್ತುವ ದಾರಿ ಹಿಡಿದರು. ಅವರ ಪಟ್ಟಿಗೆ 1993ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಸಿಕ್ಕಿ, ಬ್ರೀದ್ ರೈಟ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಂಟುಬಟ್ಟೆಯೊಳಗೆ ಸಮಾನಾಂತರವಾಗಿ ಎರಡು ಪಾಲಿಯೆಸ್ಟರ್ ಕಮಾನುಗಳಿರುತ್ತವೆ. ಬಾಗಿಸಿದ ಬಿದಿರುದಬ್ಬೆಯಂತೆ ಅವು ನೆಟ್ಟಗಾಗಲು ಹವಣಿಸುತ್ತ ಚರ್ಮವನ್ನೂ ಅದರಡಿಯ ಗೋಡೆಯನ್ನೂ ಹೊರಕ್ಕೆಳೆಯುತ್ತವೆ. ನಿಜವಾದ ಸವಾಲು ಇರುವುದು ಅಂಟಿನಲ್ಲಿ. ಬಲವೆಲ್ಲ ಪಟ್ಟಿಯ ತುದಿಗಳಲ್ಲಿ ಸುಲಿಯುವಂತೆ ಬೀಳುವುದರಿಂದ ತುದಿಗಳನ್ನು ಅಗಲವಾಗಿಸಬೇಕಾಯಿತು. ಅಂಟು ಬೆವರನ್ನೂ ಮೂಗಿನ ಜಿಡ್ಡನ್ನೂ ತಾಳಿಕೊಳ್ಳಬೇಕು, ಬೆಳಿಗ್ಗೆ ಚರ್ಮ ಕೀಳದೆ ಬಿಡಬೇಕು. ಕಮಾನಿನ ಬಲ ಹೆಚ್ಚಿಸಿದರೆ ಅಂಟಿನ ಬಲವೂ ಹೆಚ್ಚಬೇಕು, ಆಗ ಚರ್ಮಕ್ಕೆ ಪೆಟ್ಟು. ಹೀಗಾಗಿ ಬಲ ಏರಿಸುತ್ತ ಹೋಗುವ ದಾರಿ ಬಹುಬೇಗ ಮುಗಿಯುತ್ತದೆ.

ಪಟ್ಟಿಗೆ ಜಗತ್ಪ್ರಸಿದ್ಧಿ ತಂದದ್ದು ಕ್ರೀಡೆ. ಅಮೆರಿಕನ್ ಫುಟ್‌ಬಾಲ್‌ನ 1995ರ ಸೂಪರ್ ಬೌಲ್ ಪಂದ್ಯದಲ್ಲಿ ಆಟಗಾರ ಜೆರ್ರಿ ರೈಸ್ ಅದನ್ನು ಧರಿಸಿ ಆಡಿದ್ದನ್ನು ಕೋಟ್ಯಂತರ ಜನ ನೋಡಿದರು. ಆದರೆ ಆಟಗಾರ ಏದುಸಿರು ಬಿಡುವಾಗ ಬಾಯಿಯೂ ತೆರೆದಿರುತ್ತದೆ. ಆರೋಗ್ಯವಂತರ ಗರಿಷ್ಠ ಆಮ್ಲಜನಕ ಬಳಕೆ ಪಟ್ಟಿಯಿಂದ ಹೆಚ್ಚುವುದಿಲ್ಲ ಎಂದೇ ಮುಂದಿನ ಅಧ್ಯಯನಗಳ ಒಟ್ಟು ನೋಟ. ಗೊರಕೆಯ ಕಥೆಯೂ ಇದಕ್ಕೆ ಹತ್ತಿರದ್ದು. ಆ ಸದ್ದು ಹುಟ್ಟುವುದು ಮುಖ್ಯವಾಗಿ ಮೃದು ಅಂಗುಳ, ಕಿರುನಾಲಿಗೆ ಮತ್ತು ಗಂಟಲಿನ ಗೋಡೆಗಳು ಅದುರುವುದರಿಂದ. ಮೂಗು ಕಟ್ಟಿದ್ದರೆ ಗಂಟಲಿನಲ್ಲಿ ಎಳೆತ ಹೆಚ್ಚಿ, ಬಾಯಿ ತೆರೆದು ಅದುರಾಟವೂ ಹೆಚ್ಚುತ್ತದೆ. ಅಂಥವರಿಗೆ ಪಟ್ಟಿ ನೆರವಾಗುವ ಸಾಧ್ಯತೆಯಿದೆ. ಗಂಟಲೇ ಕುಸಿದು ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಬೇರೆ. ಮೂಗು ಹಿಗ್ಗಿಸುವ ಸಾಧನಗಳು ಅದನ್ನು ಸುಧಾರಿಸುವುದಿಲ್ಲ ಎಂದು 2016ರ ಸಮಗ್ರ ವಿಮರ್ಶೆಯೊಂದು ಕಂಡುಕೊಂಡಿತು.

ಹಾಗಾದರೆ ಇದು ಬರೀ ಮನಸ್ಸಿನ ಸಮಾಧಾನವೇ ಎಂದು ಕೇಳಬಹುದು. ಅಲ್ಲ, ಧ್ವನಿತರಂಗಗಳಿಂದ ಮೂಗಿನೊಳಗನ್ನು ಅಳೆಯುವ ಪರೀಕ್ಷೆಗಳು ಕವಾಟ ಹಿಗ್ಗುವುದನ್ನು ತೋರಿಸಿವೆ. ಅಗ್ಗದ, ಔಷಧಿಯಿಲ್ಲದ ವಸ್ತು, ಹಚ್ಚಿ ನೋಡಿದರೆ ನಷ್ಟವೇನು ಎಂಬ ಇನ್ನೊಂದು ವಾದ ಹೆಚ್ಚು ಬಲವಾದದ್ದು. ನೆಗಡಿಯ ರಾತ್ರಿಗೆ ಅದು ಸರಿ. ಆದರೆ ಸದ್ದು ತುಸು ತಗ್ಗಿ, ಉಸಿರು ನಿಲ್ಲುವುದು ಮುಂದುವರಿದರೆ ಮನೆಯವರ ಎಚ್ಚರವೂ ತಗ್ಗುತ್ತದೆ. ರಕ್ತದೊತ್ತಡ, ಹೃದಯದ ತೊಂದರೆಗಳೊಂದಿಗೆ ನಂಟಿರುವ ಸ್ಲೀಪ್ ಆಪ್ನಿಯಾಕ್ಕೆ 1981ರಲ್ಲೇ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ತೋರಿಸಿಕೊಟ್ಟ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಚಿಕಿತ್ಸೆಯಿದೆ. ಪಟ್ಟಿ ನಂಬಿ ಆ ಚಿಕಿತ್ಸೆಯನ್ನು ಮುಂದೂಡುವುದೇ ದೊಡ್ಡ ನಷ್ಟ.

ತಡೆ ಎಲ್ಲಿದೆ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಇನ್ನೂ ತೀಕ್ಷ್ಣ. ಹಲಸೂರು ಕೆರೆಯ ದಡದ ಲೇಕ್‌ಸೈಡ್ ಆಸ್ಪತ್ರೆಯ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಮಕ್ಕಳ ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5ಕ್ಕೇರಿತ್ತು. ಅಸ್ತಮಾ ಇದ್ದವರಲ್ಲಿ ಮೂಗಿನ ಅಲರ್ಜಿಯೂ ಬಹುಮಟ್ಟಿಗೆ ಇರುತ್ತದೆ. ಅಲರ್ಜಿಯಲ್ಲಿ ಮೂಗು ಕಟ್ಟುವುದು ಒಳಪೊರೆ ಊದಿಕೊಂಡು. ಪಟ್ಟಿ ಗೋಡೆಯನ್ನು ಎತ್ತೀತೇ ಹೊರತು ಊತವನ್ನು ಇಳಿಸದು. ಆದ್ದರಿಂದ ಮುಂದಿನ ವಿನ್ಯಾಸ ಇಲ್ಲಿನ ಮೂಗುಗಳ ಅಳತೆ, ಇಲ್ಲಿನ ಚರ್ಮ, ಬೆವರು, ಅಲರ್ಜಿಗಳಿಂದ ಹೊರಡಬೇಕು. ಅದಕ್ಕೆ ಬೇಕಾದ ಜ್ಞಾನ ಪೂರ್ವ ಬೆಂಗಳೂರಿನ ಹೊಸ ತಿಪ್ಪಸಂದ್ರದ ಸುತ್ತಲೇ ಇದೆ: ಪಕ್ಕದ ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್, ತೇಜಸ್ ವಿಮಾನದ ಪೈಲಟ್‌ಗೆ ಆಮ್ಲಜನಕ ಒದಗಿಸುವ ವ್ಯವಸ್ಥೆ ರೂಪಿಸಿದೆ. ವಿಮಾನಪುರದಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ. ಉಸಿರನ್ನು ಅಳೆಯಬಲ್ಲ ಇಂಥ ಕಡೆ, ಪಟ್ಟಿ ಯಾರಿಗೆ ಒದಗುತ್ತದೆ, ಯಾರಿಗೆ ಇಲ್ಲ ಎಂಬುದನ್ನು ಅಳೆದು ಪೊಟ್ಟಣದ ಮೇಲೆಯೇ ಕನ್ನಡದಲ್ಲಿ ಅಚ್ಚು ಹಾಕಿಸುವುದು ಸಾಧ್ಯ. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ವೈದ್ಯರನ್ನು ಕಾಣಿ ಎಂಬ ಒಂದು ಸಾಲು ಅಲ್ಲಿದ್ದರೆ, ಕಮಾನನ್ನು ಇನ್ನಷ್ಟು ಬಿಗಿಗೊಳಿಸುವುದಕ್ಕಿಂತ ಹೆಚ್ಚು ಉಪಕಾರವಾದೀತು.