ಯಶೋಧರ ಚರಿತೆಯ ತಿರ್ಯಗ್ಜನ್ಮಗಳು: ಪದವಿಯೂ ಪರಿಣಾಮವೂ

ಹೊಯ್ಸಳ ವೀರಬಲ್ಲಾಳನಿಂದ ಮನ್ನಣೆ ಪಡೆದ ಕವಿಚಕ್ರವರ್ತಿ ಜನ್ನನು ಯಶೋಧರ ಚರಿತೆಯನ್ನು ರಚಿಸಿದುದು ಕ್ರಿ. ಶ. ೧೨೦೯ರಲ್ಲಿ. ಕಥಾವಸ್ತುವು ಪ್ರಾಚೀನವಾದುದು. ಸೋಮದೇವಸೂರಿಯ ಯಶಸ್ತಿಲಕ (ಕ್ರಿ. ಶ. ೯೫೯), ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ ಇವು ಜನ್ನನಿಗಿಂತ ಹಿಂದಿನವು. ಈ ಚರಿತೆಯನ್ನು ಸಂಕಲ್ಪಹಿಂಸೆಯ ದೃಷ್ಟಾಂತವೆಂದು ಗ್ರಹಿಸುವುದು ರೂಢಿ. ಅಷ್ಟೇ ಅಲ್ಲದೆ, ಇಲ್ಲಿನ ಪ್ರಾಣಿಜನ್ಮಗಳ ಸರಣಿಯು ಲೌಕಿಕವಾದ ಉಚ್ಚನೀಚಭಾವದ ವಿಮರ್ಶೆಯೂ ಆಗಿದೆ.

ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಯಶೋಧರನೂ ತಾಯಿ ಚಂದ್ರಮತಿಯೂ ಅಮೃತಮತಿಯಿಕ್ಕಿದ ವಿಷದಿಂದ ಮಡಿದು ನವಿಲು ಮತ್ತು ನಾಯಿ, ಮುಳ್ಳುಹಂದಿ ಮತ್ತು ಹಾವು, ಮೀನು ಮತ್ತು ಮೊಸಳೆ, ಆಡು, ಕೋಣ, ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಈ ಜನ್ಮಗಳಲ್ಲಿ ಹೆಚ್ಚಿನವು ಉಜ್ಜಯಿನಿಯ ಅರಮನೆಯ ಸುತ್ತಲೇ ಸುತ್ತುತ್ತವೆಂಬುದು ಗಮನಾರ್ಹ. ಆಳಿದ ಮನೆಗೇ ಅರಸನು ಕಾಣಿಕೆಯ ನವಿಲಾಗಿ ಬರುತ್ತಾನೆ. ಮಗ ಯಶೋಮತಿಗೆ ತಂದೆಯ ಗುರುತಿಲ್ಲ. ತಂದೆಯ ಸದ್ಗತಿಗೆಂದು ನಡೆಯುವ ಶ್ರಾದ್ಧದಲ್ಲಿ ತಂದೆಯ ಜೀವವೇ ಮೀನಾಗಿ ಅಡುಗೆಮನೆಯನ್ನು ಸೇರುತ್ತದೆ. ಪಟ್ಟ, ಕುಲ, ಬಿರುದುಗಳು ದೇಹದೊಡನೆಯೇ ಕಳಚುವುವು. ಕರ್ಮವೊಂದೇ ಜೀವವನ್ನು ಹಿಂಬಾಲಿಸುವುದು.

ತಿರ್ಯಗ್ಜನ್ಮವು ಇಲ್ಲಿ ದಂಡನೆಯಾಗಿರುವುದರಿಂದ ಮನುಷ್ಯನೇ ಮೇಲು, ಪ್ರಾಣಿಯೇ ಕೀಳು ಎಂಬ ಶ್ರೇಣಿಯನ್ನು ಕವಿಯು ಒಪ್ಪಿದಂತಾಗಲಿಲ್ಲವೆ ಎಂದು ಶಂಕಿಸಬಹುದು. ತಿರ್ಯಗ್ಗತಿಯು ದುಃಖಬಹುಳವೆಂಬುದು ನಿಜ. ಮೋಕ್ಷಕ್ಕೆ ಮನುಷ್ಯಜನ್ಮವೇ ಬೇಕೆಂಬುದೂ ಸಿದ್ಧಾಂತಸಮ್ಮತ. ಆದರೆ ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು ಸಮ್ಯಕ್ತ್ವವನ್ನು ಪಡೆದು ಐದನೆಯ ಗುಣಸ್ಥಾನದವರೆಗೆ ಏರಬಲ್ಲರೆಂದು ಆಗಮವು ಹೇಳುತ್ತದೆ. ಕಥೆಯ ತಿರುವು ಇರುವುದು ಇಲ್ಲಿಯೇ. ಮುನಿಯ ಬೋಧೆಯನ್ನು ಕೇಳಿ ಕೋಳಿಗಳೆರಡೂ ಜಾತಿಸ್ಮರಣೆಯನ್ನು ಹೊಂದಿ ವ್ರತವನ್ನು ಸ್ವೀಕರಿಸುತ್ತವೆ. ಸಿಂಹಾಸನದಲ್ಲಿದ್ದಾಗ ತಾಯಿಯ ಒತ್ತಾಯಕ್ಕೆ ಮಣಿದು ಸಡಿಲಿದ ಮನಸ್ಸು ಹಕ್ಕಿಯ ಮೈಯಲ್ಲಿ ದೃಢವಾಗುತ್ತದೆ. ಹಿಟ್ಟಿನಲ್ಲಿ ಕಲ್ಪಿಸಿ ಕೊಂದ ಪ್ರಾಣಿಯ ರೂಪವೇ ವ್ರತಕ್ಕೆ ಆಶ್ರಯವಾಗುತ್ತದೆ. ಹರ್ಷದಿಂದ ಕೂಗಿದ ಆ ಕೋಳಿಗಳನ್ನು ಯಶೋಮತಿಯು ಶಬ್ದವೇಧಿಯ ಚಾತುರ್ಯವನ್ನು ತೋರಲೆಂದು ಬಾಣದಿಂದ ಕೊಲ್ಲುತ್ತಾನೆ. ಆ ಕ್ಷಣದಲ್ಲಿ ವ್ರತಿಯಾಗಿರುವುದು ಹಕ್ಕಿ, ಹಿಂಸಕನಾಗಿರುವುದು ಅರಸು.

ಆ ಜೀವಗಳೇ ಯಶೋಮತಿಯ ಮಕ್ಕಳಾದ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ, ಚಂಡಮಾರಿಯ ಮುಂದೆ ಮಾರಿದತ್ತನಿಗೆ ತಮ್ಮ ಭವಾವಳಿಯನ್ನು ನಿರೂಪಿಸುತ್ತವೆ. ಬಲಿಗೆ ತಂದವರು ಉಪದೇಶಕರಾಗುತ್ತಾರೆ, ಬಲಿಕೊಡಲು ನಿಂತ ಅರಸನು ಶ್ರೋತೃವಾಗುತ್ತಾನೆ. ಜೀವದ ಯೋಗ್ಯತೆಯನ್ನು ನಿರ್ಣಯಿಸುವುದು ಪದವಿಯಲ್ಲ, ಪರಿಣಾಮಶುದ್ಧಿ ಎಂಬುದು ಈ ಚರಿತೆಯ ತಾತ್ಪರ್ಯ.