ಭಯವೂ ಬೆರಗೂ ಒಂದೇ ಮದ್ದಿನಲ್ಲಿ

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಕಂಪೆನಿಯಲ್ಲಿ ಆಲ್ಬರ್ಟ್ ಹಾಫ್‌ಮನ್ ರಸಾಯನ ವಿಜ್ಞಾನಿಯಾಗಿದ್ದರು. ರೈ ಧಾನ್ಯದ ತೆನೆಗೆ ತಗಲುವ ಅರ್ಗಟ್ ಎಂಬ ಶಿಲೀಂಧ್ರದಿಂದ ಔಷಧ ತಯಾರಿಸುವ ಸಂಶೋಧನೆ ಅವರದು. ಆ ಕೆಲಸದ ನಡುವೆ 1938ರಲ್ಲಿ ಹುಟ್ಟಿದ್ದೇ ಎಲ್‌ಎಸ್‌ಡಿ. ಐದು ವರ್ಷ ಅದನ್ನು ಕೇಳುವವರಿರಲಿಲ್ಲ.

1943ರ ಏಪ್ರಿಲ್ 19ರ ಸಂಜೆ ಹಾಫ್‌ಮನ್ ಅದರ ಕಾಲು ಮಿಲಿಗ್ರಾಂನಷ್ಟನ್ನು ನೀರಿನಲ್ಲಿ ಕಲಸಿ ತಾವೇ ಕುಡಿದರು. ಸ್ವಲ್ಪ ಹೊತ್ತಿನಲ್ಲೇ ಮಾತು ತೊದಲತೊಡಗಿತು. ಯುದ್ಧಕಾಲವಾದ್ದರಿಂದ ವಾಹನ ಸಿಗದೆ, ಸಹಾಯಕಿಯೊಂದಿಗೆ ಸೈಕಲ್ ತುಳಿದು ಮನೆ ಸೇರಿದರು. ಅಲ್ಲಿ ಮೇಜು ಕುರ್ಚಿಗಳು ವಿಕಾರ ರೂಪ ತಾಳಿದ್ದವು. ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಂತೆ ಕಂಡಳು. ತನಗೆ ಹುಚ್ಚು ಹಿಡಿಯಿತು, ಸಾವು ಬಂತು ಎಂಬ ಭೀತಿ ಅವರನ್ನು ಆವರಿಸಿತು. ವೈದ್ಯರು ಬಂದು ಪರೀಕ್ಷಿಸಿದಾಗ ಕಣ್ಣಪಾಪೆ ಹಿಗ್ಗಿದ್ದರ ಹೊರತು ಬೇರೇನೂ ಕಾಣಲಿಲ್ಲ.

ಅಪಾಯವಿಲ್ಲವೆಂದು ತಿಳಿದ ಮೇಲೆ ಭಯ ಇಳಿಯಿತು. ಮುಚ್ಚಿದ ಕಣ್ಣೊಳಗೆ ಬಣ್ಣಗಳ ಕಾರಂಜಿ ಚಿಮ್ಮಿತು. ಪ್ರತಿ ಸದ್ದೂ ಒಂದೊಂದು ಆಕಾರವಾಯಿತು. ಮರುದಿನ ಬೆಳಗಿನ ತಿಂಡಿಗೆ ಎಂದಿಲ್ಲದ ರುಚಿ, ತೋಟಕ್ಕೆ ಹೊಸ ಹೊಳಪು. ಮನುಷ್ಯನೂ ಒಬ್ಬನೇ, ಮದ್ದೂ ಒಂದೇ. ಆದರೂ ಒಂದೇ ರಾತ್ರಿಯಲ್ಲಿ ನರಕವೂ ಬೆರಗೂ ಎರಡೂ ಎದುರಾದವು.

ಇದು ಹೇಗೆ? ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಎಲ್‌ಎಸ್‌ಡಿ ಹೋಲುತ್ತದೆ. ಸಿರೊಟೋನಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ಗ್ರಹಿಕೆಯನ್ನೇ ಬದಲಿಸುತ್ತದೆ. ಆದರೆ ಈ ಬದಲಾವಣೆ ಭಯವಾಗಬೇಕೋ ಆನಂದವಾಗಬೇಕೋ ಎಂಬುದನ್ನು ಮದ್ದೊಂದೇ ನಿರ್ಧರಿಸುವುದಿಲ್ಲ. ಸೇವಿಸುವವರ ಮನಃಸ್ಥಿತಿ ಮತ್ತು ಸುತ್ತಲಿನ ಪರಿಸ್ಥಿತಿಗೂ ಅದರಲ್ಲಿ ದೊಡ್ಡ ಪಾಲಿದೆ.

ಇದನ್ನು ಕಡೆಗಣಿಸಿದರೆ ಏನಾದೀತು ಎಂಬುದಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನಿದರ್ಶನ ಒದಗಿಸಿತು. ಮನಸ್ಸನ್ನು ವಶಪಡಿಸಿಕೊಳ್ಳುವ ಅಸ್ತ್ರ ಹುಡುಕುತ್ತಿದ್ದ ಅದು 1953ರ ನವೆಂಬರಿನಲ್ಲಿ ಫ್ರಾಂಕ್ ಓಲ್ಸನ್ ಎಂಬ ವಿಜ್ಞಾನಿಯ ಪಾನೀಯಕ್ಕೆ ಗುಟ್ಟಾಗಿ ಎಲ್‌ಎಸ್‌ಡಿ ಬೆರೆಸಿತು. ತೀವ್ರ ತಳಮಳಕ್ಕೆ ಸಿಲುಕಿದ ಓಲ್ಸನ್ ಒಂಬತ್ತು ದಿನಗಳ ಬಳಿಕ ನ್ಯೂಯಾರ್ಕಿನ ಹೋಟೆಲ್ ಕಿಟಕಿಯಿಂದ ಬಿದ್ದು ಸತ್ತರು. ಮದ್ದು ಕುಡಿಸಿದ ಸಂಗತಿ ಅವರ ಮನೆಯವರಿಗೆ ತಿಳಿದದ್ದು 1975ರಲ್ಲಿ. ಆ ಸಾವಿನ ಕುರಿತ ವಿವಾದ ಇಂದಿಗೂ ಬಗೆಹರಿದಿಲ್ಲ.

1960ರ ದಶಕದಲ್ಲಿ ಎಲ್‌ಎಸ್‌ಡಿ ಬೀದಿಗೆ ಬಂತು. ಕಾನೂನು ಬಿಗಿಯಾಯಿತು, ಸಂಶೋಧನೆಯೂ ಹೆಚ್ಚುಕಡಿಮೆ ನಿಂತುಹೋಯಿತು. ಭಾರತದಲ್ಲಿ 1985ರ ಮಾದಕ ವಸ್ತು ಕಾಯಿದೆಯಡಿ ಅದು ನಿಷಿದ್ಧ.

2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್ ಎಂಬ ಇದೇ ಬಗೆಯ ವಸ್ತುವನ್ನು 36 ಮಂದಿಗೆ, ಮೊದಲೇ ಮಾಹಿತಿ ನೀಡಿ, ನೆಮ್ಮದಿಯ ಕೋಣೆಯಲ್ಲಿ, ಜೊತೆಗೆ ಕಾವಲಿದ್ದು ಕೊಡಲಾಗಿತ್ತು. ಬದುಕಿನ ಅತ್ಯಂತ ಅರ್ಥಪೂರ್ಣ ಐದು ಅನುಭವಗಳಲ್ಲಿ ಇದೂ ಒಂದೆಂದು ಮೂರನೇ ಎರಡರಷ್ಟು ಜನ ಹೇಳಿದರು. ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಸುಮಾರು ಮೂರನೇ ಒಂದರಷ್ಟು ಮಂದಿ ತೀವ್ರ ಭಯ ಅನುಭವಿಸಿದ್ದರು.

ಖಿನ್ನತೆಗೆ ಈ ವಸ್ತುಗಳಿಂದ ಪರಿಹಾರ ಸಿಕ್ಕೀತೇ ಎಂಬ ಪರೀಕ್ಷೆಗಳು ಈಗ ಹಲವು ದೇಶಗಳಲ್ಲಿ ನಡೆದಿವೆ. ತೀವ್ರ ಮನೋರೋಗದ ಹಿನ್ನೆಲೆ ಇರುವವರನ್ನು ಸಾಮಾನ್ಯವಾಗಿ ಇವುಗಳಿಂದ ದೂರವಿಡುತ್ತಾರೆ. ಹಾಫ್‌ಮನ್ 2008ರಲ್ಲಿ, ತಮ್ಮ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಎಲ್‌ಎಸ್‌ಡಿಯನ್ನು ಅವರು ಕರೆಯುತ್ತಿದ್ದುದು ತಮ್ಮ ತಂಟೆಕೋರ ಮಗು ಎಂದು. ಕೈಬಿಡಲೂ ಆಗದ, ಕಣ್ತಪ್ಪಿಸಿ ಬಿಡಲೂ ಆಗದ ಮಗು ಅದು.