ತಲುಪಿಯೂ ತಲುಪದ ಪತ್ರ

ಈ ಸಲ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಸ್ಕರಿಸಿ ಹೋಗಲೆಂದು ಮನೆಗೆ ಬಂದಳು. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಗ್ರಾಹಕರಿಗೆ ಹೋಗುವ ಮಿಂಚಂಚೆಗಳನ್ನು ರೂಪಿಸುವುದು ಅವಳ ಉದ್ಯೋಗ. ಕೆಲಸ ಹೇಗಿದೆಯಮ್ಮಾ ಎಂದು ಕೇಳಿದ್ದೇ ತಡ, "ಮೇಷ್ಟ್ರೇ, ಜಾಲಪುಟವನ್ನಾದರೆ ಒಂದು ದಿನದಲ್ಲಿ ಬರೆದು ಮುಗಿಸುತ್ತೇನೆ. ಅದನ್ನೇ ಮಿಂಚಂಚೆಯಲ್ಲಿ ಕಳಿಸಬೇಕೆಂದರೆ ಮೂರು ದಿನ ಬೇಕು. ಒಂದು ತಂತ್ರಾಂಶದಲ್ಲಿ ಚೆಂದ ಕಂಡದ್ದು ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ. ಜಾಲಪುಟ ಬರೆಯುವವರು ಎಂದೋ ಕೈಬಿಟ್ಟ ಹಳೆಯ ವಿಧಾನದಲ್ಲಿ ನಾವಿನ್ನೂ ಕೋಷ್ಟಕದೊಳಗೆ ಕೋಷ್ಟಕ ಹೆಣೆಯುತ್ತ ಕೂತಿದ್ದೇವೆ" ಎಂದು ಒಂದೇ ಉಸಿರಿನಲ್ಲಿ ಹೇಳಿಕೊಂಡಳು.

ಅವಳ ಸಿಡುಕನ್ನು ಕೇಳಿ ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮಿಂಚಂಚೆಯ ತಂತ್ರಾಂಶವೊಂದು ಪತ್ರದ ರೂಪವನ್ನು ಕೆಡಿಸಿದ್ದರಿಂದ ಒಮ್ಮೆ ನೊಂದವನು ನಾನು. ಆ ಸಂಗತಿಯನ್ನೂ, ಈ ತೊಡಕು ಹುಟ್ಟಿ ಬೆಳೆದ ಇತಿಹಾಸವನ್ನೂ ನಿಮ್ಮ ಮುಂದಿಡಬೇಕೆನಿಸಿತು.

ಅದು 2003ರ ಆಗಸ್ಟ್ ತಿಂಗಳು. ಅಮೆರಿಕೆಯಲ್ಲಿ ಉದ್ಯೋಗದಲ್ಲಿದ್ದ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ದೀರ್ಘಕಾಲದ ಅನಾರೋಗ್ಯದಿಂದ ತೀರಿಕೊಂಡರು. ವೀಸಾದ ತೊಡಕಿನಿಂದಾಗಿ ಅವನಿಗೆ ಬರಲಾಗಲಿಲ್ಲ. ತೀರಿಕೊಳ್ಳುವ ನಾಲ್ಕು ದಿನ ಮೊದಲು ಆ ತಾಯಿ ನನ್ನನ್ನು ಕರೆಸಿ, ಮಗನಿಗೆ ತಿಳಿಸಬೇಕೆಂದು ಒಂದು ಮಾತನ್ನು ಹೇಳಿದ್ದರು. ಅದು ದೂರವಾಣಿಯಲ್ಲಿ ಕೂಗಿ ಹೇಳುವಂಥ ಮಾತಾಗಿರಲಿಲ್ಲ. ಆದುದರಿಂದ ಬಸ್ ನಿಲ್ದಾಣದ ಬಳಿಯ ಸೈಬರ್ ಕೆಫೆಗೆ ಹೋಗಿ, ಅಲ್ಲಿನ ಹುಡುಗನ ನೆರವಿನಿಂದ ಎರಡು ಗಂಟೆ ಕುಳಿತು, ಕನ್ನಡದಲ್ಲಿಯೇ ಪತ್ರವನ್ನು ಬೆರಳಚ್ಚು ಮಾಡಿದೆ. ಒಂದು ಪ್ರತಿಯನ್ನು ಮುದ್ರಿಸಿ ಇಟ್ಟುಕೊಂಡು ಕಳುಹಿಸಿದೆ. ಪರದೆಯ ಮೇಲೆ ಪತ್ರ ಅಚ್ಚುಕಟ್ಟಾಗಿಯೇ ಇತ್ತು. ಉತ್ತರ ಮಾತ್ರ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ವರ್ಷವೂ ಕಳೆಯಿತು. ಹುಡುಗ ಯಾವುದಕ್ಕೋ ಮುನಿದಿದ್ದಾನೆಂದು ತಿಳಿದೆ. ಮತ್ತೊಮ್ಮೆ ಬರೆಯಲು ನನ್ನ ಬಿಗುಮಾನ ಬಿಡಲಿಲ್ಲ.

ಇನ್ನು ಇತಿಹಾಸಕ್ಕೆ ಬರೋಣ. 1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಅರ್ಪಾನೆಟ್ ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ವಿಳಾಸದ ನಡುವೆ ನಾವು ಬರೆಯುವ 'ಅಟ್' ಚಿಹ್ನೆಯನ್ನು ಆರಿಸಿದವರೂ ಅವರೇ. 1982ರಲ್ಲಿ 'ಆರ್‌ಎಫ್‌ಸಿ 822' ಎಂಬ ಕಡತವು ಪತ್ರದ ಸ್ವರೂಪಕ್ಕೆ ನಿಯಮಗಳನ್ನು ಗೊತ್ತುಪಡಿಸಿತು. ಅದರಂತೆ ಪತ್ರದಲ್ಲಿ ಇರಬಹುದಾದದ್ದು 128 ಸಂಕೇತಗಳ 'ಆಸ್ಕಿ' ಪಟ್ಟಿಯೊಳಗಿನವು ಮಾತ್ರ. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು, ಅಲ್ಲಿಗೆ ಮುಗಿಯಿತು. ಫ್ರೆಂಚ್ ಅಕ್ಷರಗಳ ನೆತ್ತಿಯ ಗೆರೆಗೂ ಅಲ್ಲಿ ಎಡೆಯಿರಲಿಲ್ಲವೆಂದ ಮೇಲೆ ಕನ್ನಡದ ಮಾತೆಲ್ಲಿ!

ಈ ಬಾಗಿಲನ್ನು ಅಗಲಗೊಳಿಸಿದವರು ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್. 1992ರಲ್ಲಿ ಅವರು ರೂಪಿಸಿದ 'ಮೈಮ್' ಎಂಬ ನಿಯಮಾವಳಿಯಿಂದ ಚಿತ್ರ, ಧ್ವನಿ, ಅನ್ಯಭಾಷೆಯ ಅಕ್ಷರಗಳೆಲ್ಲ ಅಂಚೆಯನ್ನೇರಿದವು. ಮೂರು ಬೈಟುಗಳ ದತ್ತಾಂಶವನ್ನು ನಾಲ್ಕು ಸಾಧಾರಣ ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬದಲಿಸಿ ಸಾಗಿಸುವ ಉಪಾಯ ಅದರಲ್ಲಿತ್ತು. ಅದಕ್ಕಿಂತಲೂ ವಿವೇಕದ ಏರ್ಪಾಡು ಇನ್ನೊಂದು. ಒಂದೇ ಲಕೋಟೆಯಲ್ಲಿ ಪತ್ರದ ಎರಡು ಪ್ರತಿಗಳನ್ನು ಇಡಬಹುದು. ಒಂದು ಯಾವ ಅಲಂಕಾರವೂ ಇಲ್ಲದ ಸರಳ ಪ್ರತಿ, ಇನ್ನೊಂದು ಸಿಂಗರಿಸಿದ ಪ್ರತಿ. ಪಡೆಯುವವನ ತಂತ್ರಾಂಶವು ತನಗೆ ಅರ್ಥವಾಗುವುದನ್ನು ಆರಿಸಿಕೊಂಡು ತೋರಿಸುತ್ತದೆ. ಸಿಂಗಾರಕ್ಕೆಂದು, ದಪ್ಪಕ್ಷರ ಓರೆಯಕ್ಷರಗಳಂಥ ಸಣ್ಣಪುಟ್ಟ ಅಲಂಕಾರಗಳ ಒಂದು ಮಿತವಾದ ಭಾಷೆಯನ್ನೂ ಅವರು ಸೂಚಿಸಿದ್ದರು. ಎಲ್ಲರೂ ಅದನ್ನು ಒಪ್ಪಿ ನಡೆದಿದ್ದರೆ ನನ್ನ ವಿದ್ಯಾರ್ಥಿನಿಗೆ ಇಂದು ಇಷ್ಟು ತಲೆನೋವು ಇರುತ್ತಿರಲಿಲ್ಲವೇನೋ.

ಆದರೆ ಅಷ್ಟರಲ್ಲಿ ಟಿಮ್ ಬರ್ನರ್ಸ್-ಲೀ ಅವರ ಜಾಲ ಹಬ್ಬತೊಡಗಿತ್ತು. ಜಾಲಪುಟಗಳನ್ನು ಬರೆಯುವ ಎಚ್‌ಟಿಎಮ್‌ಎಲ್ ಭಾಷೆಯನ್ನೇ ಪತ್ರಕ್ಕೂ ಏಕೆ ಬಳಸಬಾರದೆಂದು ತಂತ್ರಾಂಶ ತಯಾರಕರು ಯೋಚಿಸಿದರು. 1996ರ ಜುಲೈ 4ರಂದು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 'ಹಾಟ್‌ಮೇಲ್' ಸೇವೆಯನ್ನು ಆರಂಭಿಸಿದಾಗ ಅದರ ಹೆಸರಿನೊಳಗೇ ಈ ಭಾಷೆಯ ನಾಲ್ಕು ಅಕ್ಷರಗಳನ್ನು ಹುದುಗಿಸಿದ್ದರು. ಅವನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದರು. ಆ ಭಾಟಿಯಾ ನಮ್ಮ ಬೆಂಗಳೂರಿನಲ್ಲಿ ಬೆಳೆದ ಹುಡುಗನೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು.

ಇಲ್ಲಿಂದಲೇ ಗೊಂದಲದ ಮೊದಲು. ಎಚ್‌ಟಿಎಮ್‌ಎಲ್ ಹುಟ್ಟಿದ್ದು ಪುಟಕ್ಕಾಗಿ, ಪತ್ರಕ್ಕಾಗಿ ಅಲ್ಲ. ಓದುಗನು ತಾನಾಗಿ ಪುಟದ ಬಳಿಗೆ ಹೋಗುತ್ತಾನೆ; ಪತ್ರವೋ ಕರೆಯದೆಯೇ ಅವನ ಮನೆಯೊಳಗೆ ಬರುತ್ತದೆ. 1999ರ ನವೆಂಬರಿನಲ್ಲಿ ಕಂಡ 'ಬಬಲ್‌ಬಾಯ್' ಎಂಬ ಹುಳು, ಲಗತ್ತನ್ನು ತೆರೆಯುವ ಅಗತ್ಯವೇ ಇಲ್ಲದೆ, ಪತ್ರವನ್ನು ನೋಡಿದ ಮಾತ್ರಕ್ಕೆ ಹರಡಬಲ್ಲದಾಗಿತ್ತು. ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನು ಪತ್ರದಲ್ಲಿಟ್ಟು, ಓದುಗನು ಅದನ್ನು ಯಾವಾಗ ತೆರೆದನೆಂದು ತಿಳಿದುಕೊಳ್ಳುವ ವ್ಯಾಪಾರಿಗಳೂ ಹುಟ್ಟಿಕೊಂಡರು. ಜಾಲತಾಣದಲ್ಲಿಯೇ ಅಂಚೆ ಓದಿಸುವ ಸೇವೆಗಳಿಗೆ ಬೇರೊಂದು ಭಯವಿತ್ತು. ಪತ್ರದೊಳಗಿನ ಅಲಂಕಾರದ ಆಜ್ಞೆಗಳು ಹೊರಗಿನ ತಾಣಕ್ಕೂ ತಗುಲಿದರೆ, ಬಂದ ನೆಂಟನು ಆತಿಥೇಯನ ಗೋಡೆಗೇ ಬಣ್ಣ ಬಳಿದಂತಾಗುತ್ತಿತ್ತು. ಆದುದರಿಂದ ಪ್ರತಿಯೊಂದು ತಂತ್ರಾಂಶವೂ ತನಗೆ ಅಪಾಯವೆನಿಸಿದ್ದನ್ನು, ಅರ್ಥವಾಗದ್ದನ್ನು ಕತ್ತರಿಸತೊಡಗಿತು. ಕತ್ತರಿಸಿದ್ದರಲ್ಲಿ ತಪ್ಪಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಕತ್ತರಿಸಿದ್ದೇ ಕಷ್ಟ.

ದೊಡ್ಡ ಕೋಲಾಹಲವೆದ್ದದ್ದು 2007ರಲ್ಲಿ. ಅದುವರೆಗೆ ಪತ್ರವನ್ನು ತೋರಿಸಲು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಯಂತ್ರವನ್ನು ಬಳಸುತ್ತಿದ್ದ ಮೈಕ್ರೋಸಾಫ್ಟ್‌ನ ಔಟ್‌ಲುಕ್, ಆ ವರ್ಷದ ಆವೃತ್ತಿಯಲ್ಲಿ ಅದನ್ನು ಬಿಟ್ಟು ವರ್ಡ್ ತಂತ್ರಾಂಶದ ಯಂತ್ರವನ್ನು ಹಿಡಿಯಿತು. ಹಿನ್ನೆಲೆಯ ಚಿತ್ರಗಳು ಮಾಯವಾದವು, ಪಕ್ಕದಲ್ಲಿರಬೇಕಾದ ಭಾಗಗಳು ಕೆಳಗಿಳಿದವು. 2009ರ ಜೂನಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಟ್ವೀಟುಗಳ ಮೂಲಕ ವಿನ್ಯಾಸಕಾರರು ಪ್ರತಿಭಟಿಸಿದರು. ಪತ್ರ ಬರೆಯಲು ವರ್ಡ್ ಉತ್ತಮ ಸಾಧನವೆಂದೂ, ಮಿಂಚಂಚೆಗೆ ಎಚ್‌ಟಿಎಮ್‌ಎಲ್‌ನ ಯಾವ ಭಾಗ ಸೂಕ್ತವೆಂಬ ಬಗ್ಗೆ ಉದ್ಯಮದಲ್ಲಿ ಒಮ್ಮತವೇ ಇಲ್ಲವೆಂದೂ ಕಂಪನಿ ಉತ್ತರಿಸಿತು. ಎರಡನೆಯ ಮಾತು ಸುಳ್ಳೇನೂ ಆಗಿರಲಿಲ್ಲ. 2004ರಲ್ಲಿ ಬಂದ ಜಿಮೇಲ್ ಕೂಡ ಪತ್ರದ ತಲೆಭಾಗದಲ್ಲಿ ಬರೆದ ಶೈಲಿಯ ಸೂಚನೆಗಳನ್ನು ಬಹುಕಾಲ ಕಿತ್ತೆಸೆಯುತ್ತಿತ್ತು. ಅವನ್ನು ವ್ಯಾಪಕವಾಗಿ ಮನ್ನಿಸತೊಡಗಿದ್ದು 2016ರಲ್ಲಿ. 2024ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಕೊಟ್ಟ ಹೊಸ ಔಟ್‌ಲುಕ್ ವರ್ಡ್‌ನ ಯಂತ್ರವನ್ನು ಬಿಟ್ಟಿದೆ. ಹದಿನೇಳು ವರ್ಷಗಳು ಹಿಡಿದವು!

ಇಲ್ಲಿಯವರೆಗೆ ಹೇಳಿದ್ದು ಇಂಗ್ಲಿಷ್ ಪತ್ರಗಳ ಕಥೆ. ಅಲಂಕಾರ ಕೆಟ್ಟರೆ ಅವರ ಪತ್ರ ವಿಕಾರವಾಗಿ ಕಾಣುತ್ತಿತ್ತು, ಆದರೂ ಓದಲು ಬರುತ್ತಿತ್ತು. ಆ ಕಾಲದ ಕನ್ನಡದ ಗತಿ ಬೇರೆ. ಬರಹ, ನುಡಿ ಮುಂತಾದ ತಂತ್ರಾಂಶಗಳು ನಮಗೆ ಗಣಕದಲ್ಲಿ ಕನ್ನಡ ಬರೆಯಲು ಕಲಿಸಿದವು, ಅವುಗಳ ಋಣ ದೊಡ್ಡದು. ಆದರೆ ಅಂದಿನ ಪದ್ಧತಿಯಲ್ಲಿ ಗಣಕದೊಳಗೆ ಕೂರುತ್ತಿದ್ದದ್ದು ಕನ್ನಡದ ಅಕ್ಷರವಲ್ಲ. ಯೂರೋಪಿನ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಫಾಂಟನ್ನು ಹೊದಿಸಿದಾಗ ಮಾತ್ರ ಕನ್ನಡ ಕಾಣುತ್ತಿತ್ತು. 'ಕನ್ನಡ' ಎಂಬ ಪದದಿಂದ ಆ ಹೊದಿಕೆಯನ್ನು ತೆಗೆದರೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ದೊಡ್ಡ 'ಪಿ', ನೆತ್ತಿಯ ಮೇಲೆ ಗೆರೆಯುಳ್ಳ ಒಂದು 'ಎ', ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ 'ಎ', ಜರ್ಮನರ ಒಂದು ಅಕ್ಷರ, ಸಣ್ಣ 'ಕ್ಯೂ', ಕೊನೆಗೆ ಇನ್ನೊಂದು 'ಎ'.

ಮಿಂಚಂಚೆಯಲ್ಲಿ ಆ ಹೊದಿಕೆಯನ್ನು ಹೊತ್ತೊಯ್ಯುತ್ತಿದ್ದದ್ದು ಎಚ್‌ಟಿಎಮ್‌ಎಲ್‌ನ ಫಾಂಟ್ ಸೂಚನೆಯೊಂದೇ. ಪಡೆಯುವ ತಂತ್ರಾಂಶ ಅದನ್ನು ಅಲಂಕಾರವೆಂದು ಬಗೆದು ಕಿತ್ತರೆ, ಅಥವಾ ಸರಳ ಪ್ರತಿಯನ್ನೇ ಆರಿಸಿ ತೋರಿಸಿದರೆ, ಪತ್ರವೇ ಇಲ್ಲವಾಗುತ್ತಿತ್ತು. ಅಂದರೆ ಇಂಗ್ಲಿಷಿಗೆ ಉಡುಪಾಗಿದ್ದುದೇ ಕನ್ನಡಕ್ಕೆ ಜೀವವಾಗಿತ್ತು.

ನನ್ನ ಪತ್ರಕ್ಕೆ ಆದದ್ದೂ ಅದೇ. 2005ರ ಬೇಸಿಗೆಯಲ್ಲಿ ಆ ಹುಡುಗ ಊರಿಗೆ ಬಂದ. ಬಾಗಿಲಲ್ಲಿ ನಿಂತು, ಒಳಗೆ ಬರಲು ಹಿಂಜರಿದ. "ಅಮ್ಮ ಹೋದಾಗ ನೀವು ಒಂದು ಸಾಲೂ ಬರೆಯಲಿಲ್ಲವಲ್ಲ ಮೇಷ್ಟ್ರೇ" ಎಂದ. ಬರೆದಿದ್ದೆನಲ್ಲಪ್ಪಾ ಎಂದು ದಿನಾಂಕ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. ಆ ವಾರ ಅರ್ಥವಿಲ್ಲದ ಚಿಹ್ನೆಗಳಿಂದ ತುಂಬಿದ ಪತ್ರವೊಂದು ಬಂದಿತ್ತಂತೆ. ಅದೇ ತಿಂಗಳು 'ಸೋಬಿಗ್' ಎಂಬ ಹುಳು ಮಿಂಚಂಚೆಯ ಮೂಲಕ ಲೋಕವನ್ನೆಲ್ಲ ಕಾಡುತ್ತಿತ್ತು. ನನ್ನ ಹೆಸರಿನಲ್ಲಿ ಬಂದ ಅಂಥದೇ ಪೀಡೆಯೆಂದು ತಿಳಿದು ಅಳಿಸಿಹಾಕಿದ್ದ. ಅವನ ಗಣಕದಲ್ಲಿ ಕನ್ನಡದ ಫಾಂಟ್ ಇತ್ತು. ಫಾಂಟನ್ನು ಬಳಸೆಂಬ ಸೂಚನೆಯನ್ನು ಅವನ ಮಿಂಚಂಚೆಯ ತಂತ್ರಾಂಶ ದಾರಿಯಲ್ಲೇ ಕೆಡವಿತ್ತು.

ಒಳಗೆ ಹೋಗಿ, ಮುದ್ರಿಸಿಟ್ಟಿದ್ದ ಪ್ರತಿಯನ್ನು ತಂದುಕೊಟ್ಟೆ. ಜಗಲಿಯ ಮೇಲೆ ಕುಳಿತು ಓದಿದ. ತಾಯಿ ಹೇಳಿದ್ದ ಮಾತು ಇಷ್ಟೇ: "ಬರಲಾಗಲಿಲ್ಲವೆಂದು ಅವನು ಕೊರಗಬಾರದು. ನಾನೇ ಬರಬೇಡವೆಂದೆನೆಂದು ಹೇಳಿ." ಎರಡು ವರ್ಷ ಅವನು ಕೊರಗಿದ್ದು ಅದಕ್ಕಾಗಿಯೇ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಕಾಫಿ ತಣ್ಣಗಾಗಿತ್ತು, ಮನೆಯವರು ಮತ್ತೆ ಮಾಡಿ ತಂದರು.

ನಮ್ಮನ್ನು ಕಾಪಾಡಿದ್ದು ಮಿಂಚಂಚೆಯ ತಂತ್ರಾಂಶಗಳ ಸುಧಾರಣೆಯಲ್ಲ, ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸಂಕೇತಗಳು ದೊರೆತಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟೂ ಬಂತು. ತುಂಗೆಯ ದಡದಲ್ಲಿ ಈಜು ಕಲಿತ ನನಗೆ ಆ ಹೆಸರು ಕಂಡಾಗ ಆದ ಸಂತೋಷವನ್ನು ಹೇಳಲಾರೆ. ಆದರೆ ಸೈಬರ್ ಕೆಫೆಗಳಲ್ಲಿ ಹಳೆಯ ಗಣಕಗಳೇ ಇದ್ದುದರಿಂದ ಅದು ನಮ್ಮ ಕೈಗೆ ಬರಲು ಇನ್ನೂ ಕೆಲವು ವರ್ಷಗಳು ಬೇಕಾದವು. ಈಗ ಅಲಂಕಾರವನ್ನೆಲ್ಲ ಕಿತ್ತರೂ 'ಕ' ಎಂಬುದು 'ಕ'ವಾಗಿಯೇ ಉಳಿಯುತ್ತದೆ.

ವಿದ್ಯಾರ್ಥಿನಿಗೆ ಈ ಕಥೆಯನ್ನು ಹೇಳಿ, ಎರಡು ಮಾತು ಸೇರಿಸಿದೆ. ಲಕೋಟೆಯಲ್ಲಿ ಸರಳ ಪ್ರತಿಯೊಂದನ್ನು ತಪ್ಪದೆ ಇಡು. ಅದನ್ನು ಯಂತ್ರದ ಪಾಲಿಗೆ ಬಿಡದೆ ನೀನೇ ಓದಿ ನೋಡು. ಮಾತನ್ನು ಚಿತ್ರವಾಗಿ ಕಳುಹಿಸಬೇಡ. ಈಗಲೂ ನನಗೆ ಬರುವ ಎಷ್ಟೋ ಕನ್ನಡ ಆಮಂತ್ರಣಗಳು ಬರೀ ಚಿತ್ರಗಳು. ಅವುಗಳನ್ನು ತಂತ್ರಾಂಶ ತಡೆಹಿಡಿದಾಗ ನನಗೆ ಕಾಣುವುದು ಒಂದು ಖಾಲಿ ಚೌಕ. ಮದುವೆ ಯಾರದೆಂದು ಫೋನು ಮಾಡಿ ಕೇಳಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ದೂರದೇಶಗಳಲ್ಲಿದ್ದೀರಿ. ಆ ವರ್ಷಗಳಲ್ಲಿ ನಾನು ಬರೆದ ಪತ್ರವೇನಾದರೂ ನಿಮಗೂ ಹಾಗೆಯೇ ಬಂದಿದ್ದರೆ, ಮೇಷ್ಟ್ರು ಮರೆತರೆಂದು ತಿಳಿಯಬೇಡಿ. ನಾನು ಕನ್ನಡದಲ್ಲಿಯೇ ಬರೆದಿದ್ದೆ.